ಪೂಜಿಗೆ ಮುಂಚಿನ ಚಹಾ

ಸಾಲ್ಯಾಗ ನಂದೊಂದು ಕಾಯ್ದೆ ಇತ್ತು. ಬಾಯಿ ಬಿಟ್ಟು ಕೇಳಿದವರಿಗೆ ಮಾತ್ರ ಕೊಡೂದು. ಬೋರ್ಡಿನ ಮ್ಯಾಲೆ ಬರಿಯಾಕ ಖಡು ಬೇಕಾದ್ರ "ಗುರುಗಳ, ನನಗ ಖಡು ಕೊಡ್ರಿ" ಅಂತ ಪೂರಾ ಅನಬೇಕು. ನೀರು ಕುಡಿಯಾಕ ಹೋಗಬೇಕಾದ್ರೂ ಹಂಗ. ಬರೇ ಬಟ್ಟು ತೋರಿಸಿದ್ರ, ಕಣ್ಣಾಗ ಬೇಡಕೊಂಡ್ರ, ನಾ ಕಿಡಕಿ ಹೊರಗ ನೋಡತಿದ್ದೆ. ಮುಗದ ಅನ್ನೂ ಊರು, ಅದರ ಸುತ್ತಲಿನ ಸಾಲಿಗೋಳು, ಹಿಂಗ ಮೂವತ್ತು ವರ್ಷದ ಮ್ಯಾಲೆ ಒಂದನೇತ್ತಾ ಮಕ್ಕಳಿಗೆ ಕಲಿಸೇನಿ. ತೊದಲವರು, ನಾಚಿ ಬಾಯಿಗೆ ಲಂಗದ ಚುಂಗು ತುರುಕವರು, ಎಲ್ಲಾರೂ ದೀಪಾವಳಿ ಸೂಟಿ ಹೊತ್ತಿಗೆ ಪಟಪಟ ಮಾತಾಡತಿದ್ರು. "ಈ ಮಾಸ್ತರು ಕಲ್ಲಿನ ಬಾಯಾಗೂ ಮಾತು ಬರಸ್ತಾರ" ಅಂತ ಊರಾಗ ಅಂತಿದ್ರು. ಕೇಳಿ ಕೇಳಿ ನನಗೂ ಅದು ಖರೇ ಅನಸಿಬಿಟ್ಟಿತ್ತು.

ಆ ಕಾಯ್ದೆನ ನಾ ನನ್ನ ಹೆಂಡತಿ ಮ್ಯಾಲೆ ನಡಸಿದೆ. ಅದನ್ನ ಹೇಳಾಕ ಕುಂತೇನಿ. ಇಷ್ಟು ದಿನಾ ಯಾರ ಮುಂದೂ ಹೇಳಿಲ್ಲ. ಓಣ್ಯಾಗ ಎಲ್ಲಾರೂ "ಮಾಸ್ತರು ಹೆಂಡತೀನ ಎಷ್ಟು ಛಲೋ ನೋಡಕೊಂಡ್ರು" ಅಂತಾರ. ಹಂಗ ಅಂದಾಗೆಲ್ಲಾ ನಾ ಚಪ್ಪಲಿ ಹುಡುಕೂ ನೆವ ಮಾಡಿ ಕೆಳಗ ನೋಡತೇನಿ.

ನಮ್ಮದು ಹಳೇ ಹುಬ್ಬಳ್ಳಿ ಓಣ್ಯಾಗ ಎರಡು ಖೋಲಿ ಮನಿ. ಮುಂದೊಂದು ಸಣ್ಣ ಕಟ್ಟಿ, ಹಿಂದ ಹಿತ್ತಲ. ಮಕ್ಕಳಾಗಲಿಲ್ಲ, ನಾವಿಬ್ಬರ. ನೌಕರಿ ಇದ್ದಾಗ ನಾ ಮುಂಜಾನೆ ಆರೂವರಿಗೆ ಮನಿ ಬಿಡಬೇಕಾಗತಿತ್ತು, ಧಾರವಾಡಕ್ಕ ಒಂದು ಬಸ್ಸು, ಅಲ್ಲಿಂದ ಮುಗದಕ್ಕ ಇನ್ನೊಂದು. ಅಕಿ ನನಕಿಂತ ಮೊದಲು ಎದ್ದು ಜಳಕಾ ಮಾಡಿ, ರೊಟ್ಟಿ ಬಡದು, ಡಬ್ಬಿ ಕಟ್ಟಿ, ಎರಡು ಕಪ್ಪು ಚಹಾ ಸೋಸತಿದ್ಲು. ಒಂದು ನನ್ನ ಕೈಯಾಗ ಕೊಡತಿದ್ಲು. ಇನ್ನೊಂದರ ಮ್ಯಾಲೆ ಬಸಿ ಮುಚ್ಚಿ ಒಲಿ ಕಟ್ಟಿ ಮ್ಯಾಲೆ ಇಡತಿದ್ಲು. ಆ ಮುಚ್ಚಿಟ್ಟ ಚಹಾ ಅಕಿ ಯಾವಾಗ ಕುಡೀತಾಳ ಅಂತ ನಾ ಒಂದು ದಿನಾನೂ ಕೇಳಿದವನಲ್ಲ. ರಿಟೈರ್ ಆದ ಮ್ಯಾಲೂ ಚಹಾ ಕುಡದು ವಾಕಿಂಗ್ ಹೋಗಿ, ಚೌಕದಾಗ ಪೇಪರ್ ಓದಿ, ಎಂಟೂವರಿಗೆ ಬಂದು ನಾಷ್ಟಾಕ್ಕ ಕುಂಡ್ರತಿದ್ದೆ. ಅಷ್ಟೊತ್ತಿಗೆ ಅಕಿ ಪೂಜಿ ಮುಗದಿರತಿತ್ತು.

ಅಕಿದು ಲಿಂಗಪೂಜಿ. ಕೊರಳಾಗಿನ ಬೆಳ್ಳಿ ಕರಡಿಗಿಯಿಂದ ಲಿಂಗ ತಗದು ಎಡಗೈ ಅಂಗೈಯಾಗ ಇಟ್ಟುಕೊಂಡು, ಬಲಗೈಲೆ ನೀರು, ವಿಭೂತಿ, ಪತ್ರಿ ಏರಿಸಿ, ಬಾಯಾಗ ಮಂತ್ರ ಅನಕೋತ ಒಂದು ತಾಸು. ನಂದೂ ಲಿಂಗ ಇತ್ತು ಒಂದು ಕಾಲಕ್ಕ. ಮಾಸ್ತರಕಿ ಟ್ರೇನಿಂಗಿಗೆ ಹೋದಾಗ ನಾಲ್ಕು ಪುಸ್ತಕ ಓದಿ ಶಾಣ್ಯಾ ಆದೆ, ಅದನ್ನ ತಗದು ಗ್ವಾಡಿ ಮೊಳಿಗೆ ಹಾಕಿದೆ. ನಮ್ಮವ್ವ ಎರಡು ದಿನ ಅತ್ತಳು. ನಾ ಹೆಂಡತಿಗೂ ಚೇಷ್ಟಿ ಮಾಡತಿದ್ದೆ. "ದಿನಾ ಒಂದು ತಾಸು ಅದನ್ನ ನೋಡತಿಯಲ್ಲ, ಅದು ಒಮ್ಮೆರ ನಿನ್ನ ಕಡೆ ನೋಡೇತೇನು?" ಅಂತ. ಅಕಿ ಸಿಟ್ಟಿಗೆ ಬರತಿದ್ದಿಲ್ಲ. "ನೋಡತೈತಿ ತಗೋರಿ, ನಿಮ್ಮಂಗ ಪೇಪರ್ ಅಡ್ಡ ಹಿಡಕೊಂಡಂತೂ ಕುಂಡ್ರಂಗಿಲ್ಲ" ಅಂತಿದ್ಲು. ಮಾತಿನ್ಯಾಗ ನಾ ಅಕಿನ ಗೆದ್ದದ್ದು ಕಡಿಮಿ.

ರಿಟೈರ್ ಆಗಿ ಎರಡನೇ ವರ್ಷ. ಒಂದಿನ ಮಧ್ಯಾಹ್ನ ಹಿತ್ತಲದಾಗ ಅರಬಿ ಹಿಂಡಾಕತ್ತಿದ್ಲು. ಧಪ್ ಅಂತ ಸಪ್ಪಳಾತು. ನಾ ಕುಂತಲ್ಲಿಂದ "ಏನ ಬಿತ್ತು?" ಅಂದೆ. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿ, ಬ್ಯಾಸರಕೀಲೆ ಎದ್ದು ಹೋಗಿ ನೋಡಿದೆ. ಹಸೀ ಸೀರಿ ಮ್ಯಾಲೆ ಬಿದ್ದಿದ್ಲು, ಬಾಯಿ ಒಂದು ಕಡೆ ವಾರಿ ಆಗಿತ್ತು. ಬಾಜೂ ಮನಿ ಭಾಬಿ, ಸೀರಿಗೆ ಫಾಲ್ ಹಚ್ಚಿ ಸಂಸಾರ ನಡಸೂ ಹೆಣ್ಣುಮಗಳು, ಓಡಿ ಬಂದು ಆಟೋ ತರಿಸಿದ್ಲು. ದವಾಖಾನ್ಯಾಗ ಲಕ್ವಾ ಅಂದ್ರು. ಬಲಗೈ, ಬಲಗಾಲು ಹೋದವು. ಮಾತು ಹೋತು.

ಹದಿನೈದು ದಿನಾ ಅಲ್ಲೇ ಇದ್ವಿ. ಮೊದಲನೇ ದಿನಾನ ನರ್ಸು ಒಂದು ಪ್ಲಾಸ್ಟಿಕ್ ಚೀಲಾ ತಂದು ನನ್ನ ಕೈಯಾಗ ಕೊಟ್ಟಳು. ಅದರಾಗ ಅಕಿ ಬಳಿ, ಕಾಲುಂಗ್ರ, ತಾಳಿ, ಲಿಂಗದ ಕರಡಿಗಿ ಇದ್ವು. ಮನಿಗೆ ಬಂದ ದಿನಾ ತಾಳಿ ತಗದು ಅಕಿ ಕೊರಳಾಗ ಹಾಕಿದೆ. ನೋಡಾಕ ಬಂದ ಮಂದಿ ಏನರ ಅಂದಾರು ಅಂತ ಬಳಿನೂ ಏರಿಸಿದೆ. ಕರಡಿಗೀನ ಮಾತ್ರ ಅದ ಚೀಲದಾಗ ಬಿಟ್ಟು ನನ್ನ ಟೇಬಲ್ಲಿನ ಖಾನ್ಯಾಗ ಹಾಕಿ ಕೀಲಿ ಹಾಕಿದೆ. ಅದು ಅಷ್ಟೇನು ಲಗೂ ಬೇಕಾಗೂದಿಲ್ಲ ಅನಿಸಿತ್ತು ನನಗ.

ಮಾತು ಕಲಸೂದು ನನ್ನ ಕೆಲಸ ಅಂತ ಗಟ್ಟಿ ಮಾಡಿದೆ. ದವಾಖಾನ್ಯಾಗ ಅದಕ್ಕಂತನ ಒಬ್ಬಾಕಿ ಹುಡುಗಿ ಇದ್ದಳು, ಮಾತಿನ ತರಬೇತಿ ಕೊಡೂ ಡಾಕ್ಟರು. ವಾರಕ್ಕ ಎರಡು ಸಲಾ ಕರಕೊಂಡು ಬರ್ರಿ ಅಂದಿದ್ದಳು. ಮೊದಲನೇ ದಿನಾ ಒಂದು ಫಾರ್ಮ್ ಹಿಡಕೊಂಡು ಏನೇನೋ ಕೇಳಿದ್ಲು. ಅಮ್ಮಾರ ಭಾಷಾ ಯಾವುದು, ಎಷ್ಟು ಓದ್ಯಾರ, ದಿನಾ ಏನರ ಹಾಡತಿದ್ರೇನು, ಬಾಯಿಪಾಠ ಏನರ ಅಂತಿದ್ರೇನು. ನಾ "ಹಂಗೇನಿಲ್ಲ" ಅಂದೆ. ಪೂಜಿ ನೆನಪಾಗಲಿಲ್ಲ ಅಂತಲ್ಲ. ಆ ಸಣ್ಣ ಹುಡುಗಿ ಮುಂದ ಅದನ್ನ ಹೇಳೂದು ನನಗ ಸಣ್ಣತನ ಅನಿಸ್ತು. ಮೂರು ಸಲಾ ಹೋಗಿ ಬಿಟ್ಟುಬಿಟ್ಟೆ. ಆ ಹುಡುಗಿ ಹುಟ್ಟೂಕಿಂತ ಮೊದಲಿಂದ ನಾ ಮಾತು ಕಲಸಾಕತ್ತೇನಿ, ಇಕಿ ನನಗೇನು ಹೇಳತಾಳ ಅಂತ.

ದಪ್ಪ ಕಾಗದ ತಂದು ಕಾರ್ಡು ಕತ್ತರಿಸಿದೆ. ನೀರು, ಚಹಾ, ರೊಟ್ಟಿ, ಹಾಸಿಗಿ. ಒಂದ ಕಡೆ ಚಿತ್ರ, ಒಂದ ಕಡೆ ಅಕ್ಷರ. ಮುಂಜಾನೆ ತಲಿ ತಾಜಾ ಇರತೈತಿ, ಕಲಿಯಾಕ ಅದ ಛಲೋ ಹೊತ್ತು ಅಂತ ಸಾಲ್ಯಾಗ ನಾ ಹೇಳತಿದ್ದೆ. ಹಂಗಾಗಿ ಏಳಕ್ಕ ಚಹಾ, ಗುಳಿಗಿ, ಏಳೂವರಿಯಿಂದ ಪಾಠ. ಅಕಿ ಯಾವ ಹೊತ್ತಿನ್ಯಾಗ ಪೂಜಿಗೆ ಕುಂಡ್ರತಿದ್ಲೋ ಬರೋಬ್ಬರಿ ಅದ ಹೊತ್ತು.

ಆ ಏಳರ ಚಹಾದ್ದ ಒಂದು ದೊಡ್ಡ ತ್ರಾಸಾತು. ಕಪ್ಪು ತುಟಿ ಹತ್ತರ ಒಯ್ದ್ರ ಹಲ್ಲು ಕಚ್ಚತಿದ್ಲು. ಗಂಜಿ ಒಯ್ದ್ರೂ ಅಷ್ಟ. ಮುಖ ತಿರುವತಿದ್ಲು. ಮಧ್ಯಾಹ್ನ ಊಟಾ ಮಾಡತಾಳ, ಸಂಜೀಕ ಚಹಾ ಕುಡೀತಾಳ, ಮುಂಜಾನೆ ಮಾತ್ರ ಈ ಹಟಾ. ಗುಳಿಗಿ ಬರೇ ಹೊಟ್ಟಿ ಮ್ಯಾಲೆ ಕೊಡಬಾರದು ಅಂತ ಡಾಕ್ಟರು ಹೇಳಿದ್ರು. ನಾ ಗದ್ದ ಹಿಡದು ಚಮಚಾಲೆ ಹಾಕತಿದ್ದೆ. ನುಂಗತಿದ್ಲು. ಕಣ್ಣಾಗ ನೀರು ಬರತಿದ್ವು. ಜಡ್ಡಿನಿಂದ ಹಿಂಗ ಆಕ್ಕೈತಿ, ಸುಮ್ಮಸುಮ್ಮನ ಅಳತಾರ ಅಂತ ಯಾರೋ ಹೇಳಿದ್ದರು, ನಾ ಅದನ್ನ ನಂಬಿದೆ.

ಒಮ್ಮೆ ಭಾಬಿ ಬಾಗಲಾಗ ನಿಂತು ಇದನ್ನ ನೋಡಿದ್ಲು. ಅವತ್ತು ಸಂಜೀಕ ಕಟ್ಟಿ ಮ್ಯಾಲೆ ಕುಂತಾಗ ಸಣ್ಣ ದನೀಲೆ ಅಂದ್ಲು: "ಮಾಸ್ತರ್ರ, ಸಿಟ್ಟಾಗಬ್ಯಾಡ್ರಿ. ರಂಜಾನ್ ರೋಜಾದಾಗ ನಮ್ಮ ಮನಿ ಹಿರ್ಯಾರು ಬಾಯಿ ಹಿಂಗ ಬಿಗಿ ಹಿಡೀತಿದ್ರು. ಅಕ್ಕಾರಿಗೆ ಹಸಿವಿಲ್ಲಂತ ಅನಸಂಗಿಲ್ಲ ನನಗ. ಏನೋ ಒಂದು ಆಗೂತನಕಾ ತಿನಬಾರದು ಅಂತ ಕುಂತಾರೇನೋ."

"ಅಕಿಗೆ ತನ್ನ ಹೆಸರು ನೆನಪೈತೋ ಇಲ್ಲೋ, ಉಪವಾಸ ಎಲ್ಲಿಂದ ನೆನಪಿರತೈತಿ ಭಾಬಿ" ಅಂದೆ ನಾ. ಭಾಬಿ ಸೂಜಿಗೆ ದಾರ ಪೋಣಿಸಿಕೋತ ಕುಂತ್ಲು.

ಇನ್ನೊಂದು ಇತ್ತು. ಎಡಗೈಲೆ ಕೊರಳು ಮುಟ್ಟಿ ಮುಟ್ಟಿ ತೋರಿಸತಿದ್ಲು. ದಿನಾ ಹತ್ತು ಸಲಾ. ಗಂಟಲಾ ನೋಯಾಕತ್ತೇತಿ ಅಂತ ನಾ ತಿಳಕೊಂಡೆ. ಉಪ್ಪುನೀರು ಮುಕ್ಕಳಿಸಾಕ ಹಚ್ಚಿದೆ, ತಾಳಿ ಸರಾ ಚುಚ್ಚತೈತೇನೋ ಅಂತ ತಿರುವಿ ಹಾಕಿದೆ. ಕಡೀಕ ಆಟೋದಾಗ ಕುಂಡ್ರಿಸಿಕೊಂಡು ಗಂಟಲಿನ ಡಾಕ್ಟರ ಕಡೆ ಒಯ್ದೆ. ಅವರು ದೀಪಾ ಹಾಕಿ ನೋಡಿ "ಗಂಟಲಾ ಸಾಫ್ ಐತ್ರಿ, ಏನೂ ಇಲ್ಲ" ಅಂದ್ರು. ಅಕಿ ನನ್ನ ಮಾರಿ ನೋಡಿದ್ಲು. ಮೊದಲಿನಂಗ ಬಾಯಿದ್ದಿದ್ರ "ಮಾಸ್ತರಕಿ ಮಾಡಿ ಮಾಡಿ ನಿಮ್ಮ ತಲ್ಯಾಗ ಖಡು ತುಂಬೇತ್ರಿ" ಅನ್ನಾಕಿ. ಕೊರಳು ಮುಟ್ಟಿದ್ರ ಗಂಟಲಾ ಅಂದವನು ನಾ. ಆ ಕೊರಳಾಗ ಏನಿತ್ತು, ಏನಿಲ್ಲ ಅಂತ ನೋಡಲಿಲ್ಲ.

ಗಬ್ಬೂರಾಗ ಅಕಿ ಅಕ್ಕ ಇದ್ದಾರ, ನನಕಿಂತ ಹಿರ್ಯಾರು. ಎರಡನೇ ತಿಂಗಳಿನ್ಯಾಗ ರೊಟ್ಟಿ ಗಂಟು ಕಟಗೊಂಡು ನೋಡಾಕ ಬಂದ್ರು. ಬಂದ ಕೂಡಲೆ ತಂಗಿ ಕೊರಳಿಗೆ ಕೈ ಹಾಕಿ "ಲಿಂಗ ಎಲ್ಲೈತ್ರಿ ಮಾಸ್ತರ್ರ?" ಅಂದ್ರು. ನನ್ನ ಹೆಂಡತಿ ಗಬಕ್ಕನ ತಲಿ ಎತ್ತಿದ್ಲು. ಎಡಗೈಲೆ ಅಕ್ಕನ ಸೆರಗು ಹಿಡದು, ಕೊರಳು ಮುಟ್ಟಿಕೊಂಡು, ಬಾಯಾಗ ಏನೋ ಸಪ್ಪಳಾ ಮಾಡಿದ್ಲು. ಆಗ ತಿಳೀತು ನನಗ. ಗಂಟಲಲ್ಲ, ಅಕಿ ಎರಡು ತಿಂಗಳಿಂದ ಕೇಳಾಕತ್ತಿದ್ದು ಲಿಂಗ.

ತಿಳದ ಮ್ಯಾಲೆ ಕೊಟ್ಟೆನೇನು? ಇಲ್ಲ. "ಡಾಕ್ಟರು ಕೊರಳಾಗ ದಾರ ಹಾಕಬ್ಯಾಡ ಅಂದಾರ್ರಿ" ಅಂದೆ. ಶುದ್ಧ ಸುಳ್ಳು. ಯಾವ ಡಾಕ್ಟರೂ ಹಂಗ ಅಂದಿದ್ದಿಲ್ಲ. ತಾಳಿ ದಾರ ಅಲ್ಲೇ ಜೋತಾಡಾಕತ್ತಿತ್ತು, ಆದ್ರ ಅಕ್ಕಾರು ನಾ ಮಾಸ್ತರಂತ ನಂಬಿದ್ರು. ಲಿಂಗ ಕೊಟ್ರ ಮುಂಜಾನೆ ಒಂದು ತಾಸು ಪೂಜಿಗೆ ಹೋಗತೈತಿ, ನನ್ನ ಪಾಠ ಕೆಡತೈತಿ ಅನ್ನೂದೊಂದು. ಎರಡನೇದ್ದು ಇನ್ನೂ ಕೆಟ್ಟದ್ದು. ಇಷ್ಟು ಆಸೆಲೆ ಕೇಳೂ ಒಂದು ವಸ್ತು ನನ್ನ ಕೈಯಾಗ ಸಿಕ್ಕಿತ್ತು. ಖಡುದ ಆಸೆಕ್ಕ ಬಾಯಿ ಬಿಟ್ಟ ಮಕ್ಕಳನ್ನ ನೋಡಿದವನು ನಾ.

ಅಕ್ಕಾರು ಹೋದ ಮ್ಯಾಲೆ ಹೆಂಡತಿ ಮುಂದ ಕುರ್ಚಿ ಎಳಕೊಂಡು ಕುಂತು ಹೇಳಿದೆ. "ನೋಡು, ಲಿಂಗ ಎಲ್ಲೂ ಹೋಗಿಲ್ಲ, ಖಾನ್ಯಾಗ ಐತಿ. ನೀ ಯಾವತ್ತು ಬಾಯಿ ಬಿಟ್ಟು 'ಲಿಂಗ ಕೊಡ್ರಿ' ಅಂತಿ, ಅವತ್ತ ಕೊಡತೇನಿ."

ಹಿಂಗ ಅಂದೆ. ಕೈ ಮುಟ್ಟಿ ಅಂದೆ, ಪ್ರೀತೀಲೆ ಅಂದೆ.

ಅಕಿ ಹಟಾ ಮಾಡಲಿಲ್ಲ, ಪ್ರಯತ್ನ ಮಾಡಿದ್ಲು. ಆರೇಳು ದಿನಾ ಮುಂಜಾನೆ ಗ್ವಾಡಿ ಹಿಡದು, ಬಲಗಾಲು ಎಳಕೋತ, ತಾನ ಕುರ್ಚಿಗೆ ಬಂದು ಕುಂಡ್ರತಿದ್ಲು. "ಲಾ" ಅಂತ ಬರತಿತ್ತು, ಮುಂದ ನಾಲಿಗಿ ಹೊಳ್ಳತಿದ್ದಿಲ್ಲ. ಮಾರಿ ಕೆಂಪಾಗತಿತ್ತು, ಎಡಗೈ ಮುಟಗಿ ಬಿಗೀತಿತ್ತು. ನಾ "ಇನ್ನೊಮ್ಮೆ" ಅಂತಿದ್ದೆ. "ಇನ್ನೊಮ್ಮೆ, ಬಂತು, ಬಂತು." ಎಂಟನೇ ದಿನಾ ಬಂದು ಕುಂಡ್ರಲಿಲ್ಲ. ಕೊರಳು ಮುಟ್ಟೂದೂ ಬಿಟ್ಟಳು. ನಾ ಮಾತ್ರ ಬಿಡಲಿಲ್ಲ. ತಾ ಹಿಡದ ಮೊಲಕ್ಕ ಮೂರ ಕಾಲು ಅನ್ನೂ ಜಾತಿ ನಂದು. ಸಂಜೀಕ ಚಹಾ ಕಪ್ಪು ಅಕಿ ಮಾರಿ ಮುಂದ ಹಿಡದು "ಚಹಾ ಅನ್ನು, ಕೊಡತೇನಿ" ಅಂತಿದ್ದೆ. ಮೊದಮೊದಲು ಕಪ್ಪು ನೋಡತಿದ್ಲು, ಆಮ್ಯಾಲೆ ನನ್ನ ನೋಡತಿದ್ಲು, ಆಮ್ಯಾಲೆ ಗ್ವಾಡಿ ನೋಡಾಕ ಹತ್ತಿದ್ಲು. ಬ್ಯಾಡ ಅಂದಾಗ ಗದ್ದ ಹಿಡದು ಕುಡಿಸಿದೆ, ಬೇಕು ಅಂದಾಗ ಕೈ ಹಿಂದ ತಗೊಂಡೆ. ಲಕ್ವಾ ಆಗಿ ಐದು ತಿಂಗಳು ಆಗೂತನಕಾ ಹಿಂಗ ನಡೀತು.

ಐದನೇ ತಿಂಗಳಿಗೆ ಅಕಿ ಸಪ್ಪಳಾ ಮಾಡೂದೂ ನಿಂತು ಹೋತು. "ಲಾ" ಇಲ್ಲ, ನರಳೂದಿಲ್ಲ, ಕರದ್ರ ಹೊಳ್ಳಿ ನೋಡೂದಿಲ್ಲ. ಮನ್ಯಾಗ ಒಬ್ಬ ನಾನ ಮಾತಾಡತಿದ್ದೆ. ಒಂದಿನ ಕಾರ್ಡುಗೋಳನ್ನ ಟೇಬಲ್ಲಿನ ಮ್ಯಾಲೆ ಹರವಿಕೊಂಡು ಕುಂತವನಿಗೆ ಒಮ್ಮೆಲೆ ತಿಳೀತು, ನನ್ನ ಕಡಿಂದ ಆಗೂದಿಲ್ಲ ಅಂತ. ಮೂವತ್ತು ವರ್ಷದ ಮಾಸ್ತರಕಿಯೊಳಗ ಒಂದು ಮಗೂನ ಬಗ್ಗೆನೂ ನನಗ ಹಂಗ ಅನಿಸಿದ್ದಿಲ್ಲ. ನೀರು, ಚಹಾ, ರೊಟ್ಟಿ, ಎಲ್ಲಾ ಕೂಡಿಸಿ ರಬ್ಬರ್ ಹಾಕಿ ಗ್ವಾಡಿ ಮಾಡದಾಗ ಇಟ್ಟೆ. ಅತ್ತೆ. ನಾಚಿಕಿಲ್ಲದ ಹೇಳತೇನಿ, ಹೆಂಗಸರಂಗ ಟವೆಲ್ ಬಾಯಿಗೆ ಇಟ್ಟುಕೊಂಡು ಅತ್ತೆ.

ಮರುದಿನ ಮುಂಜಾನೆ ಜಳಕಾ ಮಾಡಿ ಅಡಗಿಮನ್ಯಾಗಿನ ದೇವರ ಜಗಲಿ ಮುಂದ ಹೋಗಿ ನಿಂತೆ. ಸಂಕಟ ಬಂದಾಗ ವೆಂಕಟರಮಣ ಅಂತ ಮಂದೀಗೆ ನಗತಿದ್ದವನು. ಜಗಲಿ ಮ್ಯಾಲೆ ಧೂಳಾ ಕುಂತಿತ್ತು, ಐದು ತಿಂಗಳಿಂದ ದೀಪಾ ಕಂಡಿದ್ದಿಲ್ಲ. ಬಟ್ಟಿಲೆ ಒರಸಿದೆ. ಕಟಗಿ ಮಣಿ ಹಾಕಿ ಕುಂತೆ. ಮುಂದ ಏನು ಮಾಡಬೇಕು ತಿಳೀಲಿಲ್ಲ. ನನಗ ಗೊತ್ತಿದ್ದದ್ದು ನಮ್ಮವ್ವ, ಹೆಂಡತಿ ಅಂಗೈಯಾಗ ಲಿಂಗ ಇಟ್ಟುಕೊಂಡು ಕುಂಡ್ರೂದೊಂದ. ನನ್ನ ಲಿಂಗ ಎಂದೋ ಎಲ್ಲೋ ಹೋಗಿತ್ತು. ಎದ್ದು ಹೋಗಿ ಖಾನೆ ಕೀಲಿ ತಗದೆ, ಪ್ಲಾಸ್ಟಿಕ್ ಚೀಲದಿಂದ ಅಕಿ ಕರಡಿಗಿ ತಂದೆ.

ಒಬ್ಬರ ಲಿಂಗ ಇನ್ನೊಬ್ಬರು ಪೂಜಿ ಮಾಡೂದಿಲ್ಲ. ಗುರು ಯಾರ ಕೈಯಾಗ ಕೊಟ್ಟಿರತಾರೋ ಅದು ಅವರ ಉಸುರಿದ್ದಂಗ, ಸಾಯೂತನಕಾ ಅವರದ. ನಮ್ಮ ಮಂದ್ಯಾಗ ಸಣ್ಣ ಕೂಸಿಗೂ ಗೊತ್ತಿರೂ ಮಾತು ಇದು. ನನಗ ಅದೂ ನೆನಪಾಗಲಿಲ್ಲ. ಅಕಿ ಲಿಂಗಾನ ತಗದು ನನ್ನ ಅಂಗೈಯಾಗ ಇಟ್ಟುಕೊಂಡೆ, ಅದೂ ಬಲಗೈಯಾಗ. ಸಾಲಿ ಮಕ್ಕಳಿಗೆ ಕಲಿಸಿದಂಗ ಪೂರಾ ವಾಕ್ಯ ಮಾಡಿ, ಬಾಯಿ ಬಿಟ್ಟು ಬೇಡಿಕೊಂಡೆ: "ದೇವರ, ನನ್ನ ಹೆಂಡತಿಗೆ ಮಾತು ಕೊಡ್ರಿ. ನನ್ನ ಕಡಿಂದ ಆಗಲಿಲ್ಲ."

ಹಿಂದ ಕಾಲು ಎಳಿಯೂ ಸಪ್ಪಳಾತು. ಮಲಗ್ಯಾಳ ಅಂತ ತಿಳಕೊಂಡಿದ್ದೆ. ಗ್ವಾಡಿ ಹಿಡಕೋತ ಬಾಗಲಾಗ ಬಂದು ನಿಂತಿದ್ಲು. ನನ್ನ ಅಂಗೈ ನೋಡಿದ್ಲು. ಅಕಿ ಕಣ್ಣಾಗ ಅಂಥಾ ಸಿಟ್ಟು ನಾ ಎಂದೂ ನೋಡಿದ್ದಿಲ್ಲ. ಹತ್ತರ ಬಂದು, ಬಾಗಿ, ಎಡಗೈಲೆ ಲಿಂಗ ಕಸಕೊಂಡ್ಲು. ಬೀಳತಾಳ ಅಂತ ನಾ ಹಿಡಕೊಳ್ಳಾಕ ಹೋದೆ, ಮೊಣಕೈಲೆ ನೂಕಿದ್ಲು. ಗ್ವಾಡಿಗೆ ಬೆನ್ನು ಹಚ್ಚಿ ಜಾರಿ ಜಾರಿ ಕೆಳಗ ಕುಂತ್ಲು. ಅಂಗೈ ಬಿಚ್ಚಿ ಲಿಂಗ ನೋಡಿದ್ಲು. ಎಷ್ಟೋ ಹೊತ್ತು ಬರೇ ನೋಡಿದ್ಲು.

ಎಡಗೈಯಾಗ ಲಿಂಗ ಐತಿ. ಪೂಜಿ ಮಾಡೂ ಬಲಗೈ ತೊಡಿ ಮ್ಯಾಲೆ ಬಿದ್ದೇತಿ, ಅಲಗಾಡಂಗಿಲ್ಲ. ಅಕಿ ತಂಬಗಿ ಕಡೆ ನೋಡಿದ್ಲು, ನನ್ನ ಕಡೆ ನೋಡಿದ್ಲು. ಗದ್ದಾ ಎತ್ತಿ ತೋರಿಸಿದ್ಲು. ಈ ಸಲಾ ನಾ "ಬಾಯಿ ಬಿಟ್ಟು ಹೇಳು" ಅನಲಿಲ್ಲ. ಎದ್ದು ತಂಬಗಿ ತುಂಬಿಕೊಂಡು ಬಂದೆ. ಬಟ್ಟು ಅದ್ದಿ ಎರಡು ಹನಿ ನೀರು ಲಿಂಗದ ಮ್ಯಾಲೆ ಬಿಟ್ಟೆ. ವಿಭೂತಿ ಗಟ್ಟಿ ತೊಯ್ಸಿ ಅಕಿ ಹಣಿಗೆ ಮೂರು ಬಟ್ಟು ಎಳದೆ, ಸೊಟ್ಟ ಆತು. ಪತ್ರಿ ಇದ್ದಿಲ್ಲ, ಹಿತ್ತಲದಾಗಿನ ತುಳಸಿ ಹರಕೊಂಡು ಬಂದು ಇಟ್ಟೆ. ಅಕಿ ಕಣ್ಣು ಮುಚ್ಚಿದ್ಲು.

"ಓಂ ನಮಃ ಶಿವಾಯ" ಅಂದ್ಲು.

ತೊದಲಲಿಲ್ಲ, ನುಂಗಲಿಲ್ಲ. ಲಕ್ವಾ ಹೊಡಿಯೂದಕಿಂತ ಮೊದಲು ಹೆಂಗ ಅಂತಿದ್ಲೋ ಹಂಗ, ಅದ ದನಿ. ಇನ್ನೊಮ್ಮೆ ಅಂದ್ಲು, ಮತ್ತೊಮ್ಮೆ ಅಂದ್ಲು. ನಾ ತಂಬಗಿ ಹಿಡಕೊಂಡು ಹಂಗ ಕುಂತಿದ್ದೆ. ಆಗರ ಸುಮ್ಮ ಇದ್ದೆನೇನು? ಎಲ್ಲಿ ಮಾಸ್ತರಕಿ ಬಿಡತೈತಿ. "ಬಂತು ನೋಡು, ಬಂತು ನೋಡು, ಈಗ ನೀರು ಅನ್ನು" ಅಂದೆ. ಅಕಿ ಕಣ್ಣು ತಗದು ನನ್ನ ನೋಡಿದ್ಲು. ತಣ್ಣಗ ನೋಡಿ, ಮತ್ತ ಕಣ್ಣು ಮುಚ್ಚಿ ಮಂತ್ರ ಮುಂದುವರಿಸಿದ್ಲು. ನಾ ಬಾಯಿ ಮುಚ್ಚಿಕೊಂಡೆ.

ಪೂಜಿ ಮುಗದ ಮ್ಯಾಲೆ ಕರಡಿಗಿ ನನ್ನ ಕೈಲೆ ಕೊರಳಾಗ ಹಾಕಿಸಿಕೊಂಡ್ಲು. ಆಮ್ಯಾಲೆ ಒಲಿ ಕಡೆ ಗದ್ದಾ ಮಾಡಿದ್ಲು. ಚಹಾ ಕಾಸಿ ಕೊಟ್ಟೆ. ಎಡಗೈಲೆ ಹಿಡಕೊಂಡು ಪೂರಾ ಕಪ್ಪು ಕುಡದ್ಲು. ಒಂದು ಪ್ಲೇಟು ಉಪ್ಪಿಟ್ಟು ತಿಂದು, ಖಾಲಿ ಪ್ಲೇಟು ಮುಂದ ಸರಸಿ ಇನ್ನಷ್ಟು ಕೇಳಿದ್ಲು. ಹಲ್ಲು ಕಚ್ಚಲಿಲ್ಲ, ಮುಖ ತಿರುವಲಿಲ್ಲ.

ಆ ಪ್ಲೇಟಿನ್ಯಾಗ ಉಪ್ಪಿಟ್ಟು ಹಾಕೂವಾಗ ಒಲಿ ಕಟ್ಟಿ ಮ್ಯಾಲಿನ ಬಸಿ ಮುಚ್ಚಿದ ಕಪ್ಪು ನೆನಪಾತು ನನಗ. ಲಿಂಗಪೂಜಿ ಆಗದ ನೀರೂ ಮುಟ್ಟಬಾರದು. ನಮ್ಮವ್ವ ಹಂಗ ಇದ್ದಳು, ನನಗ ಗೊತ್ತಿರದ ಮಾತಲ್ಲ. ಆದ್ರ ನನ್ನ ಹೆಂಡತಿನೂ ಮದವಿ ಆದಾಗಿಂದ ಹಂಗ ಇದ್ದಾಳ, ನನಗ ಚಹಾ ಕೊಟ್ಟು ತಾನು ಪೂಜಿ ಆಗೂತನಕಾ ಒಣಾ ಬಾಯೀಲೆ ಇರತಾಳ ಅನ್ನೂದು ನನಗ ಗೊತ್ತಿದ್ದಿಲ್ಲ. ಭಾಬಿ ಬಾಗಲಾಗ ನಿಂತು ಒಂದ ದಿನದಾಗ ತಿಳಕೊಂಡದ್ದು, ಜೋಡಿ ಬಾಳೆವು ಮಾಡಿದವಗ ತಿಳೀಲಿಲ್ಲ. ಗದ್ದ ಹಿಡದು ಎಷ್ಟು ಮುಂಜಾನೆ ಅಕಿ ನೇಮ ಮುರದೆ? ನಾ ಮಾಸ್ತರ, ಲೆಕ್ಕ ಬರತೈತಿ ನನಗ. ಆ ಲೆಕ್ಕ ಇವತ್ತಿಗೂ ಮಾಡಿಲ್ಲ.

ಮರುದಿನ ದವಾಖಾನಿಗೆ ಓಡಿದೆ, ಆ ಮಾತಿನ ಡಾಕ್ಟರ ಕಡೆ. ಎಲ್ಲಾ ಹೇಳಿದೆ. ಆ ಹುಡುಗಿ ಪೂರಾ ಕೇಳಿ ಅಂದ್ಲು: "ಅಂಕಲ್, ಮಿದುಳಿನ್ಯಾಗ ಮಾತಾಡೂ ಜಾಗಾ ಹೋದ್ರೂ, ದಿನಾ ಬಾಯಿಪಾಠ ಅಂದದ್ದು ಎಷ್ಟೋ ಮಂದಿಗೆ ಉಳೀತೈತ್ರಿ. ಹಾಡು, ಮಂತ್ರ, ಮಗ್ಗಿ. ಅದರ ಬಾಲಾ ಹಿಡಕೊಂಡು ಒಂದೊಂದ ಮಾತು ತರೂದಿರತೈತಿ. ಅದಕ್ಕಂತನ ನಾ ಮೊದಲನೇ ದಿನಾ ನಿಮ್ಮನ್ನ ಕೇಳಿದ್ದೆ."

"ಹೌದವ್ವಾ, ಕೇಳಿದ್ದಿ" ಅಂದೆ. "ಈಗ ಹಿಂಗ ಶುರು ಮಾಡಿದ್ರ ಮಾತು ಬರತೈತೇನು?"

"ಮಾಡೋಣ್ರಿ. ಮೊದಲಿನ ತಿಂಗಳುಗೋಳು ಭಾಳ ಮುಖ್ಯ ಇದ್ವು" ಅಂದ್ಲು. ಬೈಯಲಿಲ್ಲ. ಬೈದಿದ್ರ ಛಲೋ ಆಗತಿತ್ತು. ಅಂಗೈಯಾಗ ಬೆಣ್ಣಿ ಇಟ್ಟುಕೊಂಡು ಊರೆಲ್ಲಾ ತುಪ್ಪಾ ಹುಡುಕಿದವನ ಕಥಿ ಸಾಲ್ಯಾಗ ಎಷ್ಟು ಸಲಾ ಹೇಳೇನೋ. ಬೆಣ್ಣಿ ನನ್ನ ಹೆಂಡತಿ ಅಂಗೈಯಾಗ ಇತ್ತು. ಅದನ್ನ ತಗದು ಕೀಲಿ ಹಾಕಿದವನು ನಾ. ಇಷ್ಟಾಗಿ, ದೇವರ ಮುಂದ ಹೋಗಿ ಕೊಡು ಅಂತ ಬೇಡಿಕೊಂಡೆ.

ಅಲ್ಲಿಂದ ಈಗ ಒಂದೂವರಿ ವರ್ಷಾತು. ವಾರಕ್ಕ ಎರಡು ಸಲಾ ತಪ್ಪದ ಕರಕೊಂಡು ಹೋಗತೇನಿ. ಬ್ಯಾರೆ ಮಾತು ಬಂದಿಲ್ಲ. ಅದೊಂದ ಬರತೈತಿ. ಅದರಾಗ ಪೂಜಿ, ಸಂಸಾರ ಎಲ್ಲಾ ನಡಸತಾಳ. ಹಾಲು ಉಕ್ಕಿದ್ರ ಲಗೂಲಗೂ "ನಮಃ ಶಿವಾಯ" ಅಂತಾಳ, ನಾ ಓಡತೇನಿ. ಕಾಯಿಪಲ್ಯಾ ಮಾರೂವಳು ಕೊಳತದ್ದು ಹಾಕಿದ್ರ ಅದನ್ನ ಜಬರ್ದಸ್ತ್ ದನೀಲೆ ಅಂತಾಳ, ಮಾರಾಕಿ ಹೆದರಿ ಬದಲು ಮಾಡಿ ಕೊಡತಾಳ. ಭಾಬಿ ಬಂದ್ರ ಮೆತ್ತಗ ಅಂತಾಳ, ಭಾಬಿ "ಹ್ಞೂಂ ಅಕ್ಕಾರ, ಅರಾಮ ಅದೀನ್ರಿ" ಅಂತ ಜವಾಬು ಕೊಡತಾಳ. ಮುಂಜಾನೆ ಅಕಿ ಅಂಗೈಯಾಗ ಲಿಂಗ, ನನ್ನ ಕೈಯಾಗ ತಂಬಗಿ, ಪತ್ರಿ. ವಿಭೂತಿ ಈಗ ನೆಟ್ಟಗ ಎಳೀತೇನಿ. ಪೂಜಿ ಆಗೂತನಕಾ ನಾನೂ ಚಹಾ ಕುಡಿಯೂದು ಬಿಟ್ಟೇನಿ. ಅಕಿ ಹೇಳಿಲ್ಲ, ನಾನ ಬಿಟ್ಟೆ. ಕೆಟ್ಟ ಮ್ಯಾಲೆ ಬುದ್ಧಿ ಬಂತು, ಅಟ್ಟ ಮ್ಯಾಲೆ ಒಲಿ ಉರೀತು.

ಒಂದ ಮಾತು ಮಾತ್ರ ಹೇಳೂದು ಉಳಿದಿತ್ತು. ದಿನಾ ನಾಳೆ ನಾಳೆ ಅಂತ ಮುಂದ ಹಾಕತಿದ್ದೆ. ಮೊನ್ನೆ ಸೋಮವಾರ ಪೂಜಿ ಮುಗದು, ಕರಡಿಗಿ ಹಾಕಿ, ಅಕಿ ಮುಂದ ಕುಂತು ಹೇಳಿಬಿಟ್ಟೆ. "ನಂದು ತಪ್ಪಾತು. ನಿನ್ನ ಲಿಂಗ ಮುಚ್ಚಿಟ್ಟೆ, ನಿಮ್ಮಕ್ಕನ ಮುಂದ ಸುಳ್ಳು ಹೇಳಿದೆ, ನಿನ್ನ ಬಾಯಾಗ ತುರುಕಿದೆ. ನಿನಗ ಬಾಯಿಲ್ಲ ಅಂತ ಮಾಡಿದೆ. ತಪ್ಪಾತು."

ಅಕಿ "ನಮಃ ಶಿವಾಯ" ಅಂದ್ಲು.

ಯಾವ ಅರ್ಥಕ್ಕ ಅಂದ್ಲೋ. ಹೋಗಲಿ ಬಿಡ್ರಿ ಅಂತನೋ, ನೀವು ಮಾಡಿದ್ದು ದೇವರು ನೋಡ್ಯಾನ ಅಂತನೋ, ಹಾಲು ಉಕ್ಕಾಕತ್ತೇತಿ ಅಂತನೋ. ದನೀಲೆ ಹಿಡಿಯಾಕ ನೋಡಿದೆ, ಆಗಲಿಲ್ಲ. ಬ್ಯಾರೆ ಮಾತು ಇದ್ದಿದ್ರ ಅಕಿ ಏನಂತಿದ್ಲು ಅನ್ನೂದು ನನಗ ಇನ್ನ ತಿಳಿಯೂದಿಲ್ಲ. ಅದನ್ನ ನಾನ ಕಳದೇನಿ.

ಎದ್ದು ಚಹಾ ಸೋಸಿ ಎರಡು ಕಪ್ಪು ತಂದು ಅಕಿ ಹತ್ತರ ಇಟ್ಟೆ. ನನ್ನ ಕಪ್ಪಿಗೆ ಕೈ ಹಾಕೂದರೊಳಗ ಅಕಿ ಅದನ್ನ ಎಡಗೈಲೆ ಎತ್ತಿಕೊಂಡ್ಲು. ನನ್ನ ಮಾರಿ ಮುಂದ, ಒಂದು ಗೇಣು ದೂರ ಹಿಡದ್ಲು. ಕೊಡಲಿಲ್ಲ. ಹಿಡಕೊಂಡು ನನ್ನ ಬಾಯಿ ನೋಡಿಕೋತ ಕುಂತ್ಲು. ನಾ ಹಿಡೀತಿದ್ದನಲ್ಲ, ಬರೋಬ್ಬರಿ ಹಂಗ. ಏನೋ ಒಂದು ಅನಬೇಕಿತ್ತು ನಾ. ಬಾಯಿ ತಗದೆ, ಮಾತು ಹೊರಡಲಿಲ್ಲ. ಕಪ್ಪಿನ ಹಬೆ ಅಕಿ ಬಳಿ ಮ್ಯಾಲೆ ಕುಂಡ್ರೂದು ಕಾಣಾಕತ್ತಿತ್ತು, ಅಷ್ಟು ಸನೇಕ ಇತ್ತು.

ಅಕಿ ಒಂದು ಗಳಿಗಿ ಕಾದ್ಲು. ಆಮ್ಯಾಲೆ, ನಾ ಏನೂ ಅನಲಿಲ್ಲ ಅಂದ್ರೂ, ಕಪ್ಪು ನನ್ನ ಕೈಯಾಗ ಕೊಟ್ಟಳು.